ಬೆನ್ನ ಮೇಲಿನ ಸೊಟ್ಟ ಚೌಕ

ನನ್ನ ಗಂಡ ವೆಂಜೆಲ್ ವಿಯೆನ್ನಾದಲ್ಲಿ ಬಟ್ಟೆಗೆ ಮರದಚ್ಚು ಒತ್ತುವವನು. ಹೂಬಳ್ಳಿ ಒತ್ತುತ್ತಿದ್ದ ಕಾಲದಲ್ಲಿ ನೆಮ್ಮದಿಯಾಗಿದ್ದ. ಅಚ್ಚು ಕೂದಲೆಳೆಯಷ್ಟು ಸರಿದರೂ ಎಲೆಗಳ ನಡುವೆ ಮುಚ್ಚಿಹೋಗುತ್ತಿತ್ತು. ಕಪ್ಪುಬಿಳುಪು ಚೌಕಗಳ ಫ್ಯಾಶನ್ ಬಂತು ನೋಡಿ, ಕಾಲು ಸುಟ್ಟ ಬೆಕ್ಕಿನಂತಾದ. ಚೌಕದಲ್ಲಿ ಯಾವ ತಪ್ಪೂ ಅಡಗುವುದಿಲ್ಲ.

ಮೊನ್ನೆ ಭಾನುವಾರ ಟ್ರಾಮಿನಲ್ಲಿ, ಆ ಚೌಕದ ಬಟ್ಟೆ ತೊಟ್ಟ ಹೆಂಗಸೊಬ್ಬಳ ಬೆನ್ನಿಗೆ ಮೂಗು ತಾಗುವಷ್ಟು ಬಗ್ಗಿದ.

"ಏನ್ರೀ ಇದು, ನಾಚಿಕೆ ಆಗಲ್ವಾ?" ಎಂದು ಅವಳು ಕೊಡೆ ಎತ್ತಿದಳು.

"ಸ್ವಲ್ಪ ಅಲ್ಲಾಡಬೇಡಿ ಅಮ್ಮಾ, ನಿಮ್ಮ ಬೆನ್ನ ಮೇಲೆ ನನ್ನದೊಂದು ಚೌಕ ಸೊಟ್ಟಗಿದೆ!"

ಟ್ರಾಮಿಗೆ ಟ್ರಾಮೇ ನಕ್ಕಿತು. ನಾನು ಅವನ ಕಾಲರ್ ಹಿಡಿದು ಕೆಳಗಿಳಿಸಿದೆ.

"ಕಂಡೋರ ಬೆನ್ನು ಯಾಕೆ ಮಾರಾಯಾ? ನನ್ನ ಬೆನ್ನು ನೋಡು!"

ನೋಡಿದವನೇ ಬೆಚ್ಚಿಬಿದ್ದ. "ಅರೆ, ಇದೂ ನಾನು ಒತ್ತಿದ ಬಟ್ಟೇನೇ! ಯಾವಾಗ ಹೊಲಿಸಿದೆ?"

"ಮೂರು ವರ್ಷ ಆಯ್ತು."