ರೇಷ್ಮೆಯ ನೊಣ

ಗಜೇಂದ್ರಗಡದಲ್ಲಿ ನಮ್ಮ ಪಕ್ಕದ ಮನೆಯ ನೇಕಾರರೊಬ್ಬರು ಮಗ್ಗ ಬಿಟ್ಟ ಮೇಲೆ ಗಾಳ ಹಿಡಿದರು. ಮೀನು ತಿನ್ನದ ಮನೆತನ. ಗಾಳಕ್ಕೆ ಎರೆಹುಳ ಚುಚ್ಚಲೂ ಮನಸ್ಸಿಲ್ಲ. ಸೀರೆ ನೇಯ್ದು ಉಳಿದ ರೇಷ್ಮೆ ಎಳೆಯಿಂದಲೇ ಕೊಕ್ಕೆಗೆ ಹುಸಿ ನೊಣ ಕಟ್ಟುತ್ತಿದ್ದರು, ಥೇಟ್ ವಿದೇಶದವರ ಫ್ಲೈ ಫಿಶಿಂಗ್! ಒಂದೇ ಒಂದು ಮೀನು ಅದನ್ನು ನಂಬಬೇಕು, ಅಷ್ಟೇ ಅವರ ಆಸೆ.

“ಮಗ್ಗದ ಮುಂದ ಕುಂತದ್ದು ಸಾಲಲಿಲ್ಲೇನ್ರಿ?” ಎಂದು ಹೆಂಡತಿ ಹಂಗಿಸಿದರೆ, “ತಡಿ, ಅವಸರ ಮಾಡಬ್ಯಾಡ” ಎನ್ನುತ್ತಿದ್ದರು.

ಒಂದು ಸಂಜೆ ನಾನು ಕೆರೆ ದಂಡೆಗೆ ವಾಕಿಂಗ್ ಹೋದಾಗ ಮೀನು ಕಚ್ಚಿಯೇಬಿಟ್ಟಿತು. ಅವರು ದಾರ ಎಳೆದು ಮೀನನ್ನು ದಂಡೆಗೆ ತಂದರು.

“ಟೀಚರ್, ನೀವ ಬಿಡಸ್ರಿ. ನನಗ ಮುಟ್ಟಾಕ ಆಗಂಗಿಲ್ಲ.”

ಕೊಕ್ಕೆ ಬಿಡಿಸಿ ಮೀನನ್ನು ನೀರಿಗೆ ಬಿಟ್ಟು, “ಕಂಗ್ರಾಚುಲೇಷನ್ಸ್!” ಎಂದೆ.

ಅವರು ಒದ್ದೆ ದಾರ ಸುತ್ತುತ್ತ, ದಣಿದ ದನಿಯಲ್ಲಿ ಅಂದರು: “ಪಾಪ, ಹಸದಿತ್ತೋ ಏನೋರಿ.”