ಮೊದಲ ದಿನದ ಚೀಲ ಯಾರ ಬೆನ್ನಿಗೆ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಸ್ತೆ ಮುಗಿದು ಕಾಡಿನ ಕಾಲುದಾರಿ ಶುರುವಾಗುವಲ್ಲಿ ಟಾರ್ಪಾಲು ಹಾಸಿಕೊಂಡು, ಸೌಟಕ್ಕ ನಾಲ್ಕು ದಿನದ ಊಟವನ್ನು ನಾಲ್ಕು ಗುಡ್ಡೆ ಮಾಡುತ್ತಿದ್ದಾರೆ. ತೂಕದ್ದು, ಬೇಗ ಬಾಡುವುದು ಎಲ್ಲ ಮೊದಲ ದಿನಕ್ಕೆ. ರವೆ, ಬೇಳೆ, ಒಣಹಣ್ಣು ಕೊನೆಯ ದಿನಕ್ಕೆ. ಪ್ರತಿ ಗುಡ್ಡೆಗೂ ಒಂದೊಂದು ಉಪ್ಪಿನ ಪೊಟ್ಟಣ.

ಬೆಟ್ಟ ಹತ್ತಲು ಬಂದ ಹನ್ನೆರಡು ಮಂದಿ ಆಕಳಿಸುತ್ತ ಸುತ್ತ ನಿಂತಿದ್ದಾರೆ. ಅಕ್ಕನ ಕಣ್ಣು ಎಲ್ಲರ ಮಂಡಿಯ ಮೇಲೆ. ನಿಂತಲ್ಲೇ ಏದುಸಿರು ಬಿಡುತ್ತಿರುವ ಬ್ಯಾಂಕಿನ ಮೇಡಂ ಒಬ್ಬರನ್ನು ಕರೆದು ಮೊದಲ ದಿನದ ಚೀಲ ಹೊರಿಸುತ್ತಾರೆ.

"ಅಯ್ಯೋ, ಇದೇ ಎಲ್ಲಕ್ಕಿಂತ ಭಾರ ಅಲ್ವಾ!"

"ಮಧ್ಯಾಹ್ನ ಅರ್ಧ, ಸಂಜೆಗೆ ಪೂರ್ತಿ ಎಲ್ಲರ ಹೊಟ್ಟೆ ಸೇರುತ್ತೆ ತಾಯಿ. ನಾಳೆ ಏರು ಬರೋ ಹೊತ್ತಿಗೆ ನಿಮ್ಮ ಬೆನ್ನು ಖಾಲಿ. ಕೊನೇ ದಿನದ ಚೀಲ ಆ ಜಿಮ್ ಅಣ್ಣಂಗೆ. ತೋಳು ತೋರಿಸ್ಕೊಂಡೇ ಬಂದಿದಾರೆ, ಹೊರಲಿ."

ಇಪ್ಪತ್ತಾರು ವರ್ಷದ ಕ್ರಮವಿದು. ಹೊರೆ ಹೊರಲು ಬಂದಿದ್ದ ಅಕ್ಕನ ಕೈಗೆ, ಅಡುಗೆಯವರು ಜ್ವರದಲ್ಲಿ ಮಲಗಿದ ದಿನ ಸೌಟು ಬಂತು, ಹೆಸರೂ ಅಂಟಿಕೊಂಡಿತು. ಮೊದಲ ಸಲವೇ ಎಡವಟ್ಟು. ಉಪ್ಪನ್ನೆಲ್ಲ ಕೊನೆಯ ದಿನದ ಚೀಲಕ್ಕೆ ತುಂಬಿದರು. ಅದನ್ನು ಹೊತ್ತ ಗಟ್ಟಿಗ ಬಿರುಸಾಗಿ ನಡೆದು ಮುಂದಿನ ಬಿಡಾರಕ್ಕೇ ಹೋಗಿ ಕೂತ.

"ಎಲ್ಲರೂ ಸಪ್ಪೆ ಅನ್ನ ಬಾಯಿಗಿಟ್ಟು ನನ್ನೇ ನೋಡ್ತಿದಾರೆ. ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಒಬ್ರು ಮೇಷ್ಟ್ರು, 'ಯೋಚ್ನೆ ಬಿಡಿ ಅಕ್ಕ, ಬೆವರು ನೆಕ್ಕಿಕೊಂಡು ಉಂಡ್ರಾಯ್ತು' ಅಂದ್ರು. ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡ್ವಿ!"

ಆ ದಿನಗಳನ್ನು ನೆನೆದರೆ ಅಕ್ಕನ ಮಾತು ನಿಧಾನವಾಗುತ್ತದೆ. ಸೌದೆ, ನೀರು, ತರಕಾರಿ ಹೆಚ್ಚುವುದು, ಪಾತ್ರೆ ತಿಕ್ಕುವುದು: ದಿನಕ್ಕೊಂದರಂತೆ ಎಲ್ಲರಿಗೂ ಸರದಿ. ಡಾಕ್ಟರೂ ಗುಮಾಸ್ತರೂ ಹೊರೆಯವರೂ ಒಂದೇ ತೊರೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೂದಿ ಹಚ್ಚಿ ತಿಕ್ಕುತ್ತಿದ್ದರು. ಯಾರ ತಟ್ಟೆ ಹೊಳೆಯುತ್ತದೆ ಎಂದು ಜಗಳ. ಶಿಖರದ ಫೋಟೊಗಳಲ್ಲಿ ಮಾತ್ರ ಅಕ್ಕ ಇಲ್ಲ. ಆ ಹೊತ್ತಿನಲ್ಲಿ ಅವರು ಕೆಳಗೆ, ಇಳಿದು ಬರುವವರಿಗೆ ಚಹಾಕ್ಕೆ ನೀರಿಡುತ್ತಿರುತ್ತಾರೆ.

ಈಗ ಈ ಚಾರಣಗಳನ್ನು ನಡೆಸುವ ಸಂಸ್ಥೆಗೆ ಹೊಸ ಯಜಮಾನರು. ದುಡ್ಡು ಕೊಟ್ಟು ಬಂದವರಿಗೆ ಚೀಲ ಹೊರಿಸಕೂಡದು, ಪಾತ್ರೆ ಮುಟ್ಟಿಸಕೂಡದು. ಎಲ್ಲವನ್ನೂ ಇಬ್ಬರು ಹೊರೆಯವರೇ ಮಾಡಬೇಕು ಎಂಬುದು ಅವರ ಆಜ್ಞೆ. ಕೇಳದಿದ್ದರೆ ಸೌಟಕ್ಕನಿಗೆ ಇದೇ ಕೊನೆಯ ತಂಡ. ಹದಿನಾರು ಹೊಟ್ಟೆಯ ಊಟ ಎರಡು ಬೆನ್ನಿನ ಮೇಲೆ, ಹದಿನಾರು ಬಾಯಿಯ ಎಂಜಲು ನಾಲ್ಕು ಕೈಗಳಿಗೆ! ಇದಕ್ಕೆ ಆತಿಥ್ಯವೆಂದು ಹೆಸರಿಟ್ಟ ಮಹನೀಯರು, ಬೆರಳು ಮರಗಟ್ಟುವ ನೀರಿನಲ್ಲಿ ಒಮ್ಮೆಯಾದರೂ ತಳ ಹತ್ತಿದ ಪಾತ್ರೆ ತಿಕ್ಕಿದ್ದಾರೆಯೇ?

ಆಜ್ಞೆ ನಡೆಯುತ್ತಿದೆಯೇ ಎಂದು ನೋಡಲು ಮ್ಯಾನೇಜರೂ ಬೂಟು ಕಟ್ಟಿಕೊಂಡು ಬಂದಿದ್ದಾರೆ. ಮೇಡಂ ಬೆನ್ನಿನ ಚೀಲ ಕಂಡದ್ದೇ ಹತ್ತಿರ ಬರುತ್ತಾರೆ.

"ಅಕ್ಕ, ಹೇಳಿದ್ದು ನೆನಪಿದೆ ತಾನೆ?"

"ನೆನಪಿದೆ ಸಾರ್. ಇವನ ಭುಜದ ಗಾಯ ಇನ್ನೂ ಒಣಗಿಲ್ಲ ಅನ್ನೋದೂ ನೆನಪಿದೆ," ಎಂದು ಹೊರೆಯವರಲ್ಲೊಬ್ಬರನ್ನು ತೋರಿಸಿ, ಅಕ್ಕ ಎದ್ದು ನಿಂತು ಸರದಿ ಕೂಗುತ್ತಾರೆ. ಸೌದೆಗೆ ನಾಲ್ವರು, ನೀರಿಗೆ ನಾಲ್ವರು, ಹೆಚ್ಚಲು ನಾಲ್ವರು. "ಇವತ್ತಿನ ಪಾತ್ರೆಗೆ ಮ್ಯಾನೇಜರ್ ಸಾರ್, ಜೊತೆಗೆ ನಾನು!"

ತಂಡ ಗೊಳ್ಳೆಂದು ನಗುತ್ತದೆ. ಮ್ಯಾನೇಜರ್ ನಗುವುದಿಲ್ಲ. "ಮುಂದಿನ ಸಲಕ್ಕೆ ಬೇರೆಯವರನ್ನ ನೋಡ್ಕೋತೀವಿ."

"ನೋಡ್ಕೊಳ್ಳಿ ಸಾರ್. ಈ ನಾಲ್ಕು ದಿನ ನನ್ನ ಕ್ರಮ." ಧ್ವನಿ ಏರುವುದಿಲ್ಲ. ಟಾರ್ಪಾಲು ಮಡಚಿ, ಕೊನೆಯ ದಿನದ ಚೀಲವನ್ನು ಜಿಮ್ ಅಣ್ಣನ ಬೆನ್ನಿಗೇರಿಸುತ್ತಾರೆ.

ಇನ್ನು ಮುಂದೆ ಏನು ಆಸೆ ಎಂದು ಕೇಳಿದರೆ ಸೌಟಕ್ಕ ನಾಚಿಕೊಳ್ಳುತ್ತಾರೆ.

"ಒಂದ್ಸಲ ಸುಮ್ನೆ ತಂಡದಲ್ಲಿ ಒಬ್ಬಳಾಗಿ ಬರ್ಬೇಕು. ಸರದಿಯಲ್ಲಿ ನನ್ನ ಹೆಸರನ್ನ ಬೇರೆ ಯಾರಾದ್ರೂ ಕೂಗ್ಬೇಕು. ನೀರು ತಾ ಅಂದ್ರೆ ಸಾಕು, ಓಡ್ಹೋಗಿ ತರ್ತೀನಿ."