ಗವಿಸಿದ್ದಪ್ಪ ಹಾಕದ ಇಪ್ಪತ್ತು ತಪ್ಪು

ನಮ್ಮ ಹೊಸಪೇಟೆ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನ ಅಟೆಂಡರ್ ಗವಿಸಿದ್ದಪ್ಪನವರಂಥ ಸಹಾಯಕರು ಪಿಎಚ್‌.ಡಿ. ಮಾಡುವ ಯಾರ ಹಣೆಯಲ್ಲೂ ಬರೆದಿರಬಾರದು. ವಿದ್ಯಾರ್ಥಿಗಳು ರೀಡಿಂಗ್ ತಿದ್ದಿದರೆ ಸಾಕು, ಮೊದಲಿನಿಂದ ಪ್ರಯೋಗ ಮಾಡಿಸುತ್ತಿದ್ದರು. ಮೊದಲು ಅವರು ಸಂಡೂರಿನ ಗಣಿಯೊಂದರಲ್ಲಿ ಅದಿರು ಪರೀಕ್ಷೆಯ ಗುಮಾಸ್ತರು. ಐವತ್ತೆಂಟು ಪರ್ಸೆಂಟ್ ಬಂದ ಕಬ್ಬಿಣವನ್ನು ಅರವತ್ತಮೂರು ಅಂತ ಬರೆಯಿರಿ ಎಂದು ಮಾಲೀಕರು ಹೇಳಿದಾಗ, ಆಗಲ್ಲ ಅಂದು ಎದ್ದು ಬಂದವರು. ಊರೆಲ್ಲ ಅದಿರಿನ ಧೂಳಿನಲ್ಲೇ ಬಂಗಲೆ ಕಟ್ಟುತ್ತಿದ್ದ ಕಾಲವದು. ಈ ಕಥೆಯನ್ನು ನಾನೇ ಹತ್ತು ಜನರಿಗೆ ಹೆಮ್ಮೆಯಿಂದ ಹೇಳಿದ್ದೆ. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

೨೦೦೫ರಲ್ಲಿ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಾ ನಾನು ಪಿಎಚ್‌.ಡಿ.ಗೆ ಬರೆಯುತ್ತಿದ್ದದ್ದು ಗುಪ್ತಲಿಪಿಯ ಬಗ್ಗೆ. ಸಂದೇಶಕ್ಕೆ ಬೀಗ ಹಾಕುವ ಕೋಷ್ಟಕ ಎಲ್ಲರಿಗೂ ಕಾಣುವಂತೆ ನೋಟಿಸ್ ಬೋರ್ಡಿನಲ್ಲೇ ಇರುತ್ತದೆ. ತೆಗೆಯುವ ಕೀಲಿ ನನ್ನೊಬ್ಬಳ ಹತ್ತಿರ. ಸಂದೇಶ ಕೋಷ್ಟಕದ ಪ್ರಕಾರ ಸೊನ್ನೆ ಒಂದುಗಳ ಸಾಲಾಗುತ್ತದೆ. ಆಮೇಲೆ ಕಳಿಸುವವರು ಮನಸ್ಸಿಗೆ ಬಂದಲ್ಲಿ ಸೊನ್ನೆಯನ್ನು ಒಂದು, ಒಂದನ್ನು ಸೊನ್ನೆ ಮಾಡಿ ಕೆಲವನ್ನು ತಪ್ಪಾಗಿಸಬೇಕು. ಕೀಲಿ ಇದ್ದವರಿಗೆ ಆ ಸಾಲು ಪುಟ್ಟ ಅಯಸ್ಕಾಂತಗಳ ಗುಂಪಿನಂತೆ: ಪ್ರತಿಯೊಂದೂ ತನ್ನ ನಾಲ್ಕಾರು ನೆರೆಯವರನ್ನು ನೋಡಿ ಮೇಲೋ ಕೆಳಗೋ ತಿರುಗಿ ನಿಲ್ಲುತ್ತದೆ, ತಪ್ಪುಗಳು ತಾವೇ ಸರಿಹೋಗುತ್ತವೆ. ಕೀಲಿ ಇಲ್ಲದವರಿಗೆ ಎಲ್ಲವೂ ಸಿಕ್ಕು. ತಪ್ಪು ಮಿತಿ ಮೀರಿದರೆ, ನೀರು ಒಮ್ಮೆಲೇ ಹೆಪ್ಪುಗಟ್ಟುವ ಹಾಗೆ, ನನಗೂ ಬಿಡಿಸಲಾಗದು. ಆ ಮಿತಿ ಹುಡುಕಲು ಮೂರು ವರ್ಷ ಹಿಡಿದಿತ್ತು. ಇನ್ನೂರು ಅಂಕಿಗೆ ಇಪ್ಪತ್ತು ತಪ್ಪು ಹಾಕಿದರೆ ಸರಿ.

ಸೋಮವಾರ ನನ್ನ ಗೈಡ್ ಬರುವವರಿದ್ದರು. ನಾಲ್ಕನೆಯ ಅಧ್ಯಾಯದ ಹಣೆಬರಹ ಅವತ್ತೇ ತೀರ್ಮಾನ. ಶನಿವಾರ ಒಂದು ಪರೀಕ್ಷೆ ಇಟ್ಟೆ. ಗವಿಸಿದ್ದಪ್ಪನವರು ತಮಗೆ ಬೇಕಾದ ಒಂದು ಮಾತನ್ನು ಕಂಪ್ಯೂಟರಿನಲ್ಲಿ ಹಾಕಿ, ಅಚ್ಚಾದ ಸಾಲಿನಲ್ಲಿ ಪೆನ್ಸಿಲಿನಿಂದ ಇಪ್ಪತ್ತು ಕಡೆ ತಪ್ಪು ಮಾಡಬೇಕು. ಯಂತ್ರವೇ ತಪ್ಪು ಆರಿಸಿದರೆ ನಮ್ಮಲ್ಲೇ ಗಣಿತ ಕಲಿಸುವ ಭಾರ್ಗವ್ ಅದನ್ನೂ ಊಹಿಸಿಯಾನು ಎಂದು ನನ್ನ ಅತಿಬುದ್ಧಿ. ಕೀಲಿ ಇಲ್ಲದೆ ಆ ಸಾಲನ್ನು ಒಡೆಯುವುದು ಭಾರ್ಗವ್‌ನ ಪಾಲಿನ ಕೆಲಸ.

ನಾನು ಕೀಲಿ ಹಚ್ಚಲು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಭಾರ್ಗವ್ ಚಹಾ ಹೀರುತ್ತಾ ಬಂದ. ಗವಿಸಿದ್ದಪ್ಪನವರು ಒಳಗೆ ಬರೆದಿಟ್ಟ ಸಂದೇಶವನ್ನು ಸ್ಟಾಫ್ ರೂಮಿನ ಎಲ್ಲರೆದುರು ಓದಿಯೂ ಬಿಟ್ಟ: "ತಪ್ಪು ಹಾಕಿಲ್ಲ ಮೇಡಂ."

ತಪ್ಪಿಲ್ಲದಿದ್ದರೆ ಅದು ಬೀಗವೇ ಅಲ್ಲ. ಬರೀ ಸಮೀಕರಣಗಳು, ಯಾರು ಬೇಕಾದರೂ ಬಿಡಿಸಬಹುದು. ನನಗೆ ತಲೆ ಕೆಟ್ಟುಹೋಯಿತು. ಲ್ಯಾಬಿಗೆ ಹೋದವಳೇ ಬಾಯಿಗೆ ಬಂದಂತೆ ಅಂದೆ. ಇಪ್ಪತ್ತು ಸೊನ್ನೆ ತಿರುವಿ ಹಾಕಲು ಏನು ಗಂಟು ಹೋಗುತ್ತಿತ್ತು, ನನ್ನ ಮೂರು ವರ್ಷ ಮಣ್ಣುಪಾಲಾಯಿತಲ್ಲ ಎಂದು ಕೂಗಾಡಿದೆ. ಅವರು ಮೇಜಿನ ಮೇಲಿನ ಕೆಂಧೂಳು ಒರೆಸುತ್ತಾ ಪೂರ್ತಿ ಕೇಳಿಸಿಕೊಂಡರು.

"ಅಲ್ಲಿ ಗಣಿಯಾಗ ತಪ್ಪು ಬರಿಯಾಕ ಆಗಲ್ಲ ಅಂತ ಮಾರಿ ಮ್ಯಾಲ ಅಂದು ಬಂದೀನ್ರಿ," ಎಂದರು. "ನಿಮಗ ಹಂಗ ಅನ್ನಾಕ ಬಾಯಿ ಬರ್ಲಿಲ್ಲ. ನಿಮಗ ಒಬ್ಬರಿಗೇ ತೆರೀತೈತಿ ಅಂದಿದ್ರಲ್ರಿ, ಅದಕ್ಕ ಅದರಾಗ ಬರದೆ."

ಹೊಸ ಹಾಳೆ ಅಚ್ಚು ಹಾಕಿಸಿ, ಅವರ ಪೆನ್ಸಿಲ್ ಕೇಳಿ ತೆಗೆದುಕೊಂಡು, ಇಪ್ಪತ್ತು ತಪ್ಪುಗಳನ್ನು ನಾನೇ ಹಾಕಿದೆ.